ಫಾರ್ ಪ್ಲೆಷರ್ ಎಂಬ ಬೀಜದ ಕುದುರೆ

ಅಂಕೋಲೆ ತಾಲ್ಲೂಕಿನ ಬೆಳಂಬಾರದ ಕಡಲತಡಿಯಲ್ಲಿ ನಿಂತು ದಕ್ಷಿಣಕ್ಕೆ ದೃಷ್ಟಿ ಹಾಯಿಸಿದವನಿಗೆ ಹೊನ್ನಾವರ, ಭಟ್ಕಳಗಳ ರೇವುಗಳು ಕಾಣಿಸವು. ಆದರೂ ಐದು ಶತಮಾನಗಳ ಹಿಂದೆ ಅರಬಸ್ಥಾನದಿಂದಲೂ ಪಾರಸಿಕ ದೇಶದಿಂದಲೂ ಹಡಗುಗಳಲ್ಲಿ ಬಂದ ಕುದುರೆಗಳು ಈ ಕರಾವಳಿಯಲ್ಲಿಯೇ ಇಳಿದು, ಘಟ್ಟವನ್ನೇರಿ, ವಿಜಯನಗರದ ಲಾಯಗಳನ್ನು ಸೇರುತ್ತಿದ್ದುವೆಂಬುದು ನೆನಪಾಗದೆ ಇರದು. 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರು ಮೊದಲು ಕೈಹಾಕಿದ ವ್ಯಾಪಾರಗಳಲ್ಲಿ ಅಶ್ವವ್ಯಾಪಾರವೂ ಒಂದು. ತಾನೇ ಕುದುರೆ ವರ್ತಕನಾಗಿದ್ದ ಫೆರ್ನಾವ್ ನ್ಯೂನಿಜ್, ವಿಜಯನಗರದ ಅರಸನು ವರ್ಷವೊಂದಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿಟ್ಟಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ವರ್ಷವರ್ಷವೂ ಕೊಳ್ಳಬೇಕಾಗಿತ್ತೆಂಬ ಸಂಗತಿಯಲ್ಲಿ ಉತ್ಪ್ರೇಕ್ಷೆಯಿಲ್ಲ.

ಇಷ್ಟೊಂದು ಉತ್ತಮಾಶ್ವಗಳು ಕಾಲಿಟ್ಟ ನೆಲದಲ್ಲಿ ಅವುಗಳದೆನ್ನಬಹುದಾದ ಒಂದು ತಳಿಯೂ ನೆಲೆಗೊಳ್ಳಲಿಲ್ಲವೆಂಬುದು ವ್ಯಸನದ ವಿಷಯ. ಕರಾವಳಿಯ ಸೆಕೆ, ಮಳೆ, ಮೇವಿನ ಅಭಾವಗಳು ಇದಕ್ಕೆ ಕಾರಣವೆನ್ನುವುದುಂಟು. ಹವೆಯ ಪಾತ್ರವನ್ನು ನಾನು ಅಲ್ಲಗಳೆಯೆನು. ಆದರೆ ಯಾವ ಹೆಣ್ಣುಗುದುರೆಗೆ ಯಾವ ಗಂಡು, ಹುಟ್ಟಿದ ಮರಿ ಎಂಥದಾಯಿತು ಎಂಬುದನ್ನು ತಲೆಮಾರುಗಳ ಕಾಲ ಬರೆದಿಡುವ ಏರ್ಪಾಡು ಇಲ್ಲದಿದ್ದುದೂ ಅಷ್ಟೇ ದೊಡ್ಡ ಕಾರಣವೆಂದು ನನ್ನ ನಂಬಿಕೆ. ಅಂಥ ಏರ್ಪಾಡು ಬೆಳೆದುಬಂದ ನಾಡೊಂದರ ಕಥೆಯನ್ನು, ಅಲ್ಲಿಯ ಒಂದು ಕುದುರೆಯ ನೆಪದಿಂದ ಹೇಳುವುದು ಇಲ್ಲಿಯ ಉದ್ದೇಶ.

ಆ ನಾಡು ಉತ್ತರ ಜರ್ಮನಿಯ ಹ್ಯಾನೋವರ್. ಅದರ ಅಧಿಪತಿಯೂ ಇಂಗ್ಲೆಂಡಿನ ದೊರೆಯೂ ಆಗಿದ್ದ ಎರಡನೆಯ ಜಾರ್ಜ್ 1735ರಲ್ಲಿ ತ್ಸೆಲ್ಲೆ ಎಂಬ ಊರಿನಲ್ಲಿ ಸರಕಾರದ ಅಶ್ವಶಾಲೆಯನ್ನು ಸ್ಥಾಪಿಸಿದನು. ಅಲ್ಲಿಯ ಬೀಜದ ಕುದುರೆಗಳನ್ನು ಹಳ್ಳಿಗಳ ಕಡೆಗೆ ಕಳುಹಿಸಿ, ಸಾಮಾನ್ಯ ರೈತನ ಹೆಣ್ಣುಗುದುರೆಗೂ ಒಳ್ಳೆಯ ಗಂಡು ದೊರೆಯುವಂತೆ ಮಾಡಿದುದು ಆ ವ್ಯವಸ್ಥೆಯ ಹೆಗ್ಗಳಿಕೆ. ನೇಗಿಲಿಗೂ ಸೈನ್ಯಕ್ಕೂ ಬೇಕಾಗಿದ್ದ ಈ ತಳಿ ಎರಡನೆಯ ಮಹಾಯುದ್ಧದ ತರುವಾಯ, ಟ್ರ್ಯಾಕ್ಟರಿನ ಮುಂದೆ ನಿಲ್ಲಲಾರದೆ ಅಳಿದುಹೋಗಬಹುದಾಗಿತ್ತು. ಸಾಕುವವರು ಅದನ್ನು ಸವಾರಿಗೂ ಜಿಗಿತಕ್ಕೂ ಒಗ್ಗುವ ಹಗುರ ಮೈಯ ಕುದುರೆಯಾಗಿ ಮಾರ್ಪಡಿಸಿದರು.

1986ರಲ್ಲಿ ಹುಟ್ಟಿದ ಫಾರ್ ಪ್ಲೆಷರ್ ಈ ಮಾರ್ಪಾಡಿನ ಸತ್ಫಲ. ಅವನ ತಂದೆ ಫ್ಯೂರಿಯೋಸೋ ದ್ವಿತೀಯ, ಫ್ರಾನ್ಸಿನಿಂದ ಜರ್ಮನಿಗೆ ಬಂದವನು. ತಾಯಿ ಗಿಗಾಂಟಿನ್, ಗ್ರಾನುಸ್ ಎಂಬ ಪ್ರಸಿದ್ಧ ಹ್ಯಾನೋವರ್ ಗಂಡಿನ ಮಗಳು. ತಂದೆಯ ಹೆಸರಿನ ಮೊದಲಕ್ಷರವನ್ನೇ ಮಗುವಿನ ಹೆಸರಿಗೂ ಇಡುವುದು ಅಲ್ಲಿಯ ರೂಢಿಯಾದಕಾರಣ, ಬಲ್ಲವರಿಗೆ ಹೆಸರಿನಿಂದಲೇ ವಂಶದ ಸುಳಿವು ಸಿಕ್ಕುತ್ತದೆ.

ಶೋ ಜಂಪಿಂಗಿನಲ್ಲಿ ಕುದುರೆ ಸುಮಾರು 1.6 ಮೀಟರ್ ಎತ್ತರದ ಅಡ್ಡಗಂಬಗಳನ್ನು ಒಂದನ್ನೂ ಬೀಳಿಸದೆ, ಗೊತ್ತಾದ ಕಾಲದೊಳಗೆ, ಒಂದರ ಹಿಂದೊಂದರಂತೆ ದಾಟಬೇಕು. ಬಲವೊಂದಿದ್ದರೆ ಸಾಲದು, ಮುಂಗಾಲನ್ನು ಮಡಿಸುವ ಚುರುಕು, ಕಂಬಕ್ಕೆ ತಾಗಬಾರದೆಂಬ ಎಚ್ಚರ, ಸವಾರನ ಮಾತಿಗೆ ಒಡನೆಯೇ ಬಗ್ಗುವ ಮನಸ್ಸು, ಇವೆಲ್ಲ ಒಂದೇ ದೇಹದಲ್ಲಿ ಕೂಡಿಬರಬೇಕು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಲಾರ್ಸ್ ನೀಬರ್ಗನನ್ನು ಹೊತ್ತು ಜರ್ಮನ್ ತಂಡಕ್ಕೆ ಚಿನ್ನವನ್ನು ತಂದ ಫಾರ್ ಪ್ಲೆಷರ್, ನಾಲ್ಕು ವರ್ಷಗಳ ಮೇಲೆ ಸಿಡ್ನಿಯಲ್ಲಿ ಮಾರ್ಕುಸ್ ಏನಿಂಗ್ ಎಂಬ ತರುಣ ಸವಾರನೊಡನೆ ಮತ್ತೊಮ್ಮೆ ತಂಡದ ಚಿನ್ನದಲ್ಲಿ ಪಾಲುಗೊಂಡನು. ಸವಾರ ಬದಲಾದರೂ ಕುಂದದ ಇಂಥ ಸಾಮರ್ಥ್ಯ ಕುದುರೆಯ ಸ್ವಂತ ಗುಣವೆನ್ನಲು ಒಳ್ಳೆಯ ಆಧಾರ.

ಆದರೆ ಗೆದ್ದ ಕುದುರೆಯೆಲ್ಲ ಒಳ್ಳೆಯ ಬೀಜದ ಕುದುರೆಯಾಗಬೇಕೆಂಬ ನಿಯಮವಿಲ್ಲ. ಗರ್ಭಧಾರಣೆಯಿಂದ ಪ್ರಸವಕ್ಕೆ ಹನ್ನೊಂದು ತಿಂಗಳು. ಮರಿ ಸವಾರಿ ಕಲಿಯಲು ತೊಡಗುವುದಕ್ಕೆ ಮೂರು ನಾಲ್ಕು ವರ್ಷ. ಅದು ದೊಡ್ಡ ಕಣಗಳಲ್ಲಿ ನಿಲ್ಲುವಷ್ಟು ಪಳಗಲು ಮತ್ತೂ ಐದಾರು ವರ್ಷ. ಹೀಗೆ, ತಂದೆಯ ಯೋಗ್ಯತೆ ನಿಶ್ಚಯವಾಗಿ ತಿಳಿಯುವ ಹೊತ್ತಿಗೆ ತಂದೆ ಮುದುಕನಾಗಿರುತ್ತಾನೆ. ಈ ಕಷ್ಟವನ್ನು ತಗ್ಗಿಸಲೆಂದೇ ಹ್ಯಾನೋವರಿನವರು ಗಂಡು ಮರಿಗಳನ್ನು ಎಳವೆಯಲ್ಲಿಯೇ ಪರೀಕ್ಷಿಸಿ, ಬಹುಪಾಲನ್ನು ತಿರಸ್ಕರಿಸಿ, ಉಳಿದವುಗಳ ಸಂತಾನದ ಸಾಧನೆಯನ್ನು ಲೆಕ್ಕಹಾಕುತ್ತ ಹೋಗುತ್ತಾರೆ. ನಮ್ಮ ಪಶುವೈದ್ಯಶಾಲೆಗಳಲ್ಲಿ ದನಕ್ಕೆ ಮಾಡುವಂತೆಯೇ, ಶೈತ್ಯೀಕರಿಸಿದ ವೀರ್ಯದ ಕಡ್ಡಿಗಳಿಂದ ದೂರದೇಶದ ಹೆಣ್ಣುಗುದುರೆಗಳಿಗೂ ಗರ್ಭ ಕಟ್ಟಿಸುತ್ತಾರೆ. ಕಣದಲ್ಲಿ ಜಿಗಿಯುತ್ತಿರುವ ಕುದುರೆಯೇ ಏಕಕಾಲದಲ್ಲಿ ಅನೇಕ ದೇಶಗಳಲ್ಲಿ ತಂದೆಯಾಗುವುದು ಇದರಿಂದ ಸಾಧ್ಯವಾಯಿತು.

ಫಾರ್ ಪ್ಲೆಷರ್ ಈ ಪರೀಕ್ಷೆಯಲ್ಲಿಯೂ ಗೆದ್ದನು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಫ್ರೆಂಚ್ ತಂಡ ಚಿನ್ನ ಪಡೆದಾಗ ಪೆನೆಲೋಪ್ ಲೆಪ್ರೆವೋ ಸವಾರಿ ಮಾಡಿದ ಫ್ಲೋರಾ ಡಿ ಮಾರಿಪೋಸಾ ಅವನ ಮಗಳು, 2005ರಲ್ಲಿ ಹುಟ್ಟಿದವಳು. ತಂದೆಯ ಮೊದಲ ಚಿನ್ನಕ್ಕೂ ಇದಕ್ಕೂ ಇಪ್ಪತ್ತು ವರ್ಷಗಳ ಅಂತರ. ಮಗಳೆಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಹೋರಿಯನ್ನು ಮೆಚ್ಚುವ ಮೊದಲು ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತೆಂದು ಕೇಳುವ ನಮ್ಮ ರೈತನ ಬುದ್ಧಿ ಇಲ್ಲಿಯೂ ಸಲ್ಲುತ್ತದೆ: ಗಂಡಿನ ಹೆಸರು ಪತ್ರಿಕೆಗಳಲ್ಲಿ ಮೆರೆದರೂ ಮರಿಯ ಅರ್ಧಾಂಶ ತಾಯಿಯದು, ಮತ್ತು ಗಿಗಾಂಟಿನ್ ಇಲ್ಲದೆ ಫಾರ್ ಪ್ಲೆಷರನೇ ಇಲ್ಲ.

ನಮ್ಮವರು ಈ ಕಣಕ್ಕೆ ಹೊಸಬರಲ್ಲ. ಬೆಂಗಳೂರಿನ ಫವಾದ್ ಮಿರ್ಜಾ ಅಶ್ವಾರೋಹಣದ ಮತ್ತೊಂದು ಶಾಖೆಯಾದ ಈವೆಂಟಿಂಗಿನಲ್ಲಿ 2018ರ ಏಷ್ಯನ್ ಕ್ರೀಡಾಕೂಟದ ಬೆಳ್ಳಿಯನ್ನು ಗೆದ್ದರು. ಟೋಕಿಯೋ ಒಲಿಂಪಿಕ್ಸಿನಲ್ಲಿ 23ನೆಯ ಸ್ಥಾನ ಪಡೆದರು. ಎರಡು ಕಡೆಯೂ ಅವರನ್ನು ಹೊತ್ತ ಸೆಯ್ನ್ಯೂರ್ ಮೆಡಿಕೋಟ್ ಜರ್ಮನಿಯಲ್ಲಿ ಹುಟ್ಟಿದ ಕುದುರೆ, ಬೀಜ ತೆಗೆಸಿದ ಗಂಡು. ಅದರ ಗುಣಗಳು ಯಾವ ಮರಿಗೂ ಇಳಿಯಲಾರವು. ಸವಾರ ನಮ್ಮವನು, ಕುದುರೆ ಕೊಂಡದ್ದು ಎಂಬ ವಿಜಯನಗರದ ಕಾಲದ ಸ್ಥಿತಿ ಇಂದಿಗೂ ತೀರ ಬದಲಾಗಿಲ್ಲ.

ಸಾಮಗ್ರಿ ನಮ್ಮಲ್ಲಿ ಇಲ್ಲವೆಂದೇನೂ ಅಲ್ಲ. ಟಿಪ್ಪುವಿನ ಅಶ್ವದಳಕ್ಕೆ ಕುದುರೆಗಳನ್ನು ಸಾಕಿದ ಕುಣಿಗಲ್ಲಿನ ಅಶ್ವಪಾಲನಾ ಕ್ಷೇತ್ರ ಆಮೇಲೆ ಜೂಜಿನ ಥರೋಬ್ರೆಡ್ ತಳಿಗೆ ಹೆಸರಾಯಿತು. ಆ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಜಗತ್ತಿನಲ್ಲೆಲ್ಲಿಯೂ ಮಾನ್ಯತೆಯಿಲ್ಲ; ಆದರೆ ಥರೋಬ್ರೆಡ್ ತಾಯಿಗೆ ಬೇರೆ ತಳಿಯ ತಂದೆಯಿಂದ ಸವಾರಿಯ ಕುದುರೆಯನ್ನು ಹುಟ್ಟಿಸುವುದಕ್ಕೆ ಆ ಕಟ್ಟುಪಾಡು ಅಡ್ಡಬಾರದು. ಫಾರ್ ಪ್ಲೆಷರನ ಪಿತಾಮಹ ಫ್ಯೂರಿಯೋಸೋ ಸ್ವತಃ ಥರೋಬ್ರೆಡ್ಡೇ ಆಗಿದ್ದನು. ಓಟದ ಕಣದಿಂದ ನಿವೃತ್ತವಾಗುವ ಆರೋಗ್ಯವಂತ ಹೆಣ್ಣುಗುದುರೆಗಳಲ್ಲಿ ಸೌಮ್ಯ ಸ್ವಭಾವದ ಕೆಲವನ್ನು ಆರಿಸಿ, ಹ್ಯಾನೋವರಿನ ವೀರ್ಯವನ್ನು ತರಿಸಿ, ಹುಟ್ಟಿದ ಪ್ರತಿಯೊಂದು ಮರಿಯ ತಾಯಿ, ತಂದೆ, ನಡೆ, ಜಿಗಿತಗಳನ್ನು ದಾಖಲೆಗೆ ಸೇರಿಸುವ ಕೆಲಸವನ್ನು ಸರಕಾರವಾಗಲಿ ಸವಾರಿ ಶಾಲೆಗಳಾಗಲಿ ಕೈಗೊಳ್ಳಬೇಕೆಂಬುದು ನನ್ನ ಆಗ್ರಹ. ಮೊದಲ ಮರಿಗಳು ಕಣಕ್ಕಿಳಿಯಲು ಹತ್ತು ವರ್ಷ ಬೇಕಾಗುವುದರಿಂದ ಬೇಗ ತೊಡಗಬೇಕೆಂಬುದು ಮತ್ತೊಂದು.