ಬಾಯ್ಲರಿನ ಬಿಸಿ, ಭೂಮಿಯ ಬಿಸಿ: ಎಂಐಡಿಸಿ ಮಗ್ಗುಲಲ್ಲಿ ಬದಲಾಗುವ ಇಂಜಿನಿಯರಿಂಗ್ ಕನಸು

ಡೊಂಬಿವಲಿ: ಇಲ್ಲಿನ ಪೂರ್ವ ಭಾಗದ ಎಂಐಡಿಸಿ ಪರಿಸರದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಮಾಲಿನ್ಯವೆಂದರೇನು ಎಂಬುದನ್ನು ಪಠ್ಯಪುಸ್ತಕ ತೆರೆದು ತಿಳಿಸುವ ಅಗತ್ಯ ಎಂದೂ ಬಿದ್ದಿಲ್ಲ. 2014ರ ಜನವರಿಯಲ್ಲಿ ಇಲ್ಲಿ ಹಸಿರು ಬಣ್ಣದ ಮಳೆ ಬಿತ್ತು. 2020ರ ಫೆಬ್ರವರಿಯಲ್ಲಿ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿ, ಅಂದಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆಯವರೇ ಬಂದು ನೋಡಿ ಹೋದರು. 2016ರ ಮೇ 26 ಹಾಗೂ 2024ರ ಮೇ 23ರ ಸ್ಫೋಟಗಳನ್ನಂತೂ ಇಲ್ಲಿಯವರು ಮರೆಯುವಂತಿಲ್ಲ. ಎರಡು ಸಲವೂ ಹತ್ತಕ್ಕೂ ಮಿಕ್ಕಿ ಜೀವಗಳು ಹೋದವು, ಸುತ್ತಮುತ್ತಲ ಕಟ್ಟಡಗಳ ಗಾಜುಗಳು ಪುಡಿಯಾದವು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ದೇಶದ ತೀವ್ರ ಮಲಿನ ಕೈಗಾರಿಕಾ ಪ್ರದೇಶಗಳ ಪಟ್ಟಿಯಲ್ಲಿ ಡೊಂಬಿವಲಿಯ ಹೆಸರೂ ಇತ್ತು.

ಇದೆಲ್ಲ ಕಣ್ಣಿಗೆ ಕಾಣುವ, ಮೂಗಿಗೆ ಬಡಿಯುವ ಸಂಗತಿ. ಆದರೆ ಇದೇ ಪರಿಸರದ ಹುಡುಗನೋ ಹುಡುಗಿಯೋ ಇಂಜಿನಿಯರಿಂಗ್ ಸೇರಿ ಹವಾಮಾನ ಬದಲಾವಣೆಯನ್ನು ಅಭ್ಯಸಿಸಲು ಕುಳಿತಾಗ ಎದುರಾಗುವ ಮೊದಲ ಗೊಂದಲವೂ ಇಲ್ಲಿಯೇ. ಅಲ್ಲಿ ಹೇಳುವ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದೂ ಇಲ್ಲ. ಚಿಮಣಿಯಿಂದ ಹೊರಬಿದ್ದ ಕಪ್ಪು ಹೊಗೆಯನ್ನು ಒಂದು ಮಳೆ ತೊಳೆದೀತು. ಇಂಗಾಲದ ಡೈ ಆಕ್ಸೈಡಿನ ದೊಡ್ಡ ಪಾಲು ಮಾತ್ರ ಶತಮಾನಗಳ ಕಾಲ ಮೇಲೆಯೇ ಉಳಿಯುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲು ವಾಯುಮಂಡಲದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಈ ಅನಿಲ, ಹವಾಯಿ ದ್ವೀಪದ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆಯತೊಡಗಿದಾಗ 315ರ ಆಸುಪಾಸಿನಲ್ಲಿತ್ತು. 2024ರ ಹೊತ್ತಿಗೆ 420ನ್ನು ದಾಟಿತ್ತು.

ಮಳೆ ಬರಿ ಮಳೆಯಲ್ಲ

ಸುಪ್ರೀಂ ಕೋರ್ಟಿನ ಆದೇಶದ ಫಲವಾಗಿ ಪದವಿ ತರಗತಿಗಳಲ್ಲಿ ಪರಿಸರ ಅಧ್ಯಯನ ಕಡ್ಡಾಯವಾಗಿ ಎರಡು ದಶಕಗಳೇ ಸಂದಿವೆ. ಪಾಸಾದರೆ ಸಾಕು ಎಂದು ಓದುವವರೇ ಜಾಸ್ತಿ ಎಂಬುದನ್ನು ಒಪ್ಪಿಕೊಳ್ಳಬೇಕು. ಇಂಜಿನಿಯರಿಂಗ್ ವಿದ್ಯಾರ್ಥಿಯ ಕಣ್ಣು ನಿಜವಾಗಿ ತೆರೆಯುವುದು ಆ ಪುಸ್ತಕದಿಂದಲ್ಲ, ತನ್ನದೇ ಥರ್ಮೋಡೈನಾಮಿಕ್ಸ್ ಪುಸ್ತಕದ ಕೊನೆಯಲ್ಲಿರುವ ಹಬೆಯ ಕೋಷ್ಟಕದಿಂದ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಈ ಲೆಕ್ಕ ಅರಬ್ಬೀ ಸಮುದ್ರಕ್ಕೂ ಅನ್ವಯಿಸುತ್ತದೆ ಎಂದು ಹೊಳೆದ ಕ್ಷಣದಿಂದ ಮಳೆ ಬರಿ ಮಳೆಯಾಗಿ ಉಳಿಯುವುದಿಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದುದನ್ನು, ಅಂದು ಲೋಕಲ್ ರೈಲುಗಳು ನಿಂತು ಹಳಿಗುಂಟ ನಡೆದು ಮನೆ ಸೇರಿದವರ ಕಥೆಗಳನ್ನು ಕಲ್ಯಾಣ್, ಡೊಂಬಿವಲಿಯ ತುಳು-ಕನ್ನಡಿಗರ ಮನೆಗಳಲ್ಲಿ ಇಂದಿಗೂ ಕೇಳಬಹುದು. 2019ರ ಜುಲೈ 27ರಂದು ವಾಂಗಣಿ ಬಳಿ ಕೊಲ್ಲಾಪುರದತ್ತ ಹೊರಟಿದ್ದ ಮಹಾಲಕ್ಷ್ಮೀ ಎಕ್ಸ್‌ಪ್ರೆಸ್ ಉಲ್ಹಾಸ್ ನದಿಯ ನೆರೆಯಲ್ಲಿ ಸಿಲುಕಿ, ಸುಮಾರು 1,050 ಪ್ರಯಾಣಿಕರನ್ನು ದೋಣಿಗಳ ಮೂಲಕ ಪಾರು ಮಾಡಬೇಕಾಯಿತು. ಇಂತಹ ಒಂದೊಂದು ಘಟನೆಗೂ ಭೂಮಿಯ ಬಿಸಿಯೊಂದೇ ಕಾರಣವೆಂದು ಬೆರಳು ತೋರಿಸುವುದು ಸರಿಯಲ್ಲ. ತುಂಬಿಸಿದ ಗದ್ದೆ, ಕಟ್ಟಿದ ನಾಲೆಗಳ ಪಾಲೂ ಇದೆ. ಆದರೆ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1950ರಿಂದ 2015ರ ಅವಧಿಯಲ್ಲಿ ಮಧ್ಯ ಭಾರತದಲ್ಲಿ ವ್ಯಾಪಕವಾಗಿ ಸುರಿಯುವ ಅತಿವೃಷ್ಟಿಯ ಪ್ರಕರಣಗಳು ಮೂರು ಪಟ್ಟಾಗಿವೆ. ಅದಕ್ಕೆ ತೇವಾಂಶ ಒದಗಿಸುವುದರಲ್ಲಿ ಅರಬ್ಬೀ ಸಮುದ್ರದ್ದೇ ಮುಖ್ಯ ಪಾತ್ರ ಎಂಬುದು ಗಮನಾರ್ಹ.

ಇದನ್ನು ತಿಳಿದ ವಿದ್ಯಾರ್ಥಿ ಮುಂದೇನು ಮಾಡಬೇಕು? ಊರಿನಿಂದ ಬರಿಗೈಯಲ್ಲಿ ಬಂದು, ಹೋಟೆಲು ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಮಕ್ಕಳನ್ನು ಇಂಜಿನಿಯರಿಂಗ್‌ವರೆಗೆ ತಂದ ಹೆತ್ತವರಿಗೆ ಕ್ಯಾಂಪಸ್ ಇಂಟರ್‌ವ್ಯೂ, ಒಳ್ಳೆಯ ಕಂಪೆನಿ, ಸಾಧ್ಯವಾದರೆ ವಿದೇಶ ಎಂಬ ಕನಸಿರುವುದು ತಪ್ಪೇನಲ್ಲ. ಸಾಲದ ಕಂತು ಕಟ್ಟುವವರಿಗೆ ಗೊತ್ತು ಅದರ ಭಾರ. ಮಗ ಬಂದು ‘ನನಗೆ ಆ ಕೆಲಸ ಬೇಡ’ ಎಂದರೆ ಮನೆಯಲ್ಲಿ ಅಂದು ಊಟ ರುಚಿಸುವುದಿಲ್ಲ.

ದಾರಿ ಬದಲಿಸಿದ ಇಬ್ಬರು

ಹಿರಿಯರ ಮಾತು ಮೀರಿದ ಇಂಜಿನಿಯರುಗಳು ಕನ್ನಡ ನಾಡಿನಲ್ಲಿ ಹಿಂದೆಯೂ ಇದ್ದರು. ಬೆಂಗಳೂರಿನ ರೊದ್ದಂ ನರಸಿಂಹ ಅವರು 1953ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಮುಗಿಸಿದಾಗ ಹಿತೈಷಿಗಳು ರೈಲ್ವೆಗೋ ಬರ್ಮಾ ಶೆಲ್ ಕಂಪೆನಿಗೋ ಸೇರಲು ಹೇಳಿದ್ದರು. ಅವರು ಸೇರಿದ್ದು ಭಾರತೀಯ ವಿಜ್ಞಾನ ಸಂಸ್ಥೆಗೆ. ವಿಮಾನದ ರೆಕ್ಕೆಯ ಮೇಲಿನ ಗಾಳಿಯ ಹರಿವನ್ನು ಅಭ್ಯಸಿಸುತ್ತಾ ಹೋದವರು ಮುಂಗಾರಿನ ಗಾಳಿಗೆ ಬಂದು, 1982ರಲ್ಲಿ ಅದೇ ಸಂಸ್ಥೆಯಲ್ಲಿ ವಾಯುಮಂಡಲ ವಿಜ್ಞಾನ ಕೇಂದ್ರ ಆರಂಭವಾಗಲು ಕಾರಣರಾದರು. 2020ರಲ್ಲಿ ನಿಧನರಾಗುವ ತನಕವೂ ಮೋಡಗಳ ಚಿಂತೆ ಅವರನ್ನು ಬಿಡಲಿಲ್ಲ.

ಕರಾವಳಿಯವರಿಗೆ ಇನ್ನೂ ಹತ್ತಿರದ ಉದಾಹರಣೆ ಹರೀಶ್ ಹಂದೆ ಅವರದು. ಕುಂದಾಪುರ ಕಡೆಯ ಹಂದಟ್ಟಿನಲ್ಲಿ ಹುಟ್ಟಿ, ಒಡಿಶಾದ ಉಕ್ಕಿನ ನಗರ ರೂರ್ಕೆಲಾದಲ್ಲಿ ಬೆಳೆದ ಹೊರನಾಡ ಕನ್ನಡಿಗ. ಖರಗ್‌ಪುರ ಐಐಟಿಯಲ್ಲಿ ಎನರ್ಜಿ ಇಂಜಿನಿಯರಿಂಗ್ ಓದಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಡಾಕ್ಟರೇಟಿಗೆ ಕುಳಿತಾಗ ಅವರ ವಿಷಯ ಸೌರ ಶಾಖದ್ದು. 1991ರಲ್ಲಿ ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿದ್ದಾಗ ತೀರಾ ಬಡವರ ಮನೆಗಳಲ್ಲೂ ಸೌರ ದೀಪ ಉರಿಯುವುದನ್ನು ಕಂಡರು. ದುಡ್ಡು ಕೊಟ್ಟು ಕೊಂಡು ಉರಿಸುತ್ತಿದ್ದ ದೀಪಗಳವು. ಹಿಂದಿರುಗಿದವರೇ ಅರ್ಧಕ್ಕೆ ಬಂದಿದ್ದ ಪ್ರಬಂಧವನ್ನು ಬದಿಗಿಟ್ಟು, ಹಳ್ಳಿಗಳಿಗೆ ವಿದ್ಯುತ್ತಿನ ವಿಷಯವನ್ನೇ ಹಿಡಿದು, ಶ್ರೀಲಂಕಾ ಮತ್ತು ಭಾರತದ ಹಳ್ಳಿಗಳಲ್ಲಿ ತಂಗಿ ಅಧ್ಯಯನ ನಡೆಸಿದರು. ವರ್ಷಗಟ್ಟಲೆ ಓದಿದ್ದನ್ನು ಬದಿಗಿಡಲು ಎಂತಹ ಎದೆ ಬೇಕು ಎಂಬುದು ಪಿಎಚ್‌ಡಿ ಮಾಡಿದವರನ್ನು ಕೇಳಿದರೆ ತಿಳಿದೀತು.

1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆಗೂಡಿ ಬೆಂಗಳೂರಿನಲ್ಲಿ ಆರಂಭಿಸಿದ ಸೆಲ್ಕೋ ಸಂಸ್ಥೆಯಲ್ಲಿ ಅವರಿಗೆ ತೊಡಕಾದದ್ದು ತಂತ್ರಜ್ಞಾನವಲ್ಲ, ಗಿರಾಕಿಯ ಜೇಬು. ದಿನದ ವ್ಯಾಪಾರ ನಂಬಿದ ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಕಟ್ಟುವುದು ಕಷ್ಟ, ದಿನಕ್ಕೆ 10 ರೂಪಾಯಿಯಾದರೆ ಸುಲಭ ಎಂಬುದನ್ನು ಅವರು ಕಲಿತದ್ದು ಜನರಿಂದ. ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿ ಸೌರ ದೀಪಕ್ಕೆ ಸಾಲ ಕೊಡಿಸುವ ದಾರಿಯೂ ಹೀಗೆಯೇ ತೆರೆಯಿತು. 2005 ಹಾಗೂ 2007ರಲ್ಲಿ ಬ್ರಿಟನ್ನಿನ ಆ್ಯಶ್ಡೆನ್ ಪ್ರಶಸ್ತಿ ಸಂಸ್ಥೆಗೆ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಹಂದೆಯವರಿಗೆ ಸಂದಿತು. ಸೀಮೆಎಣ್ಣೆ ದೀಪ ಆರಿದ ಮನೆಯಲ್ಲಿ ಹೊಗೆಯೂ ಕಡಿಮೆಯಾಯಿತು, ಮಕ್ಕಳ ಓದೂ ನಡೆಯಿತು.

ಮನೆ ಬಾಗಿಲಿನ ಕೆಲಸ

ಆದರೆ ಎಲ್ಲರೂ ಹಂದೆಯವರಂತೆ ಸಂಸ್ಥೆ ಕಟ್ಟಲಾರರು, ಕಟ್ಟಬೇಕಾಗಿಯೂ ಇಲ್ಲ. ಎಂಐಡಿಸಿಯ ಮಗ್ಗುಲಲ್ಲಿ ಬೆಳೆದ ವಿದ್ಯಾರ್ಥಿಗೆ ಇನ್ನೊಂದು ದಾರಿ ಕಾಲಬುಡದಲ್ಲೇ ಇದೆ. ಇಲ್ಲಿನ ಬಣ್ಣ, ಔಷಧ, ರಾಸಾಯನಿಕ, ಜವಳಿ ಘಟಕಗಳಿಗೆ ಹಬೆ ಬೇಕು, ಹಬೆಗೆ ಬಾಯ್ಲರು ಬೇಕು, ಬಾಯ್ಲರಿಗೆ ಇಂಧನ ಬೇಕು. ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋದ ಕೈಪಿಡಿಯಲ್ಲಿ ಒಂದು ಲೆಕ್ಕವಿದೆ: 7 ಕೆ.ಜಿ. ಒತ್ತಡದ ಹಬೆ ಹರಿಯುವ ಕೊಳವೆಯಲ್ಲಿ ಕೇವಲ 3 ಮಿ.ಮೀ.ನ ಒಂದು ತೂತು ಬಿದ್ದರೆ ವರ್ಷಕ್ಕೆ 33 ಸಾವಿರ ಲೀಟರ್ ಫರ್ನೇಸ್ ಆಯಿಲ್ ವ್ಯರ್ಥ. ಒಂದು ಲೀಟರ್ ಉರಿದರೆ ಸುಮಾರು ಮೂರು ಕಿಲೋ ಇಂಗಾಲದ ಡೈ ಆಕ್ಸೈಡ್. ಅಂದರೆ ಕಡಲೆಕಾಳಿಗಿಂತ ಚಿಕ್ಕದಾದ ತೂತಿನಿಂದ ವರ್ಷಕ್ಕೆ ನೂರು ಟನ್ ಅನಿಲ ಆಕಾಶಕ್ಕೆ, ಮಾಲಕನ ಲಕ್ಷಾಂತರ ರೂಪಾಯಿ ಗಾಳಿಗೆ. ಬಾಯ್ಲರಿಗೆ ಹೋಗುವ ನೀರನ್ನು, ಹೇಗಿದ್ದರೂ ಚರಂಡಿಗೆ ಬಿಡುವ ಬಿಸಿಯಿಂದಲೇ 6 ಡಿಗ್ರಿ ಕಾಯಿಸಿಕೊಂಡರೆ ಇಂಧನ ಶೇ. 1ರಷ್ಟು ಉಳಿಯುತ್ತದೆ. ಭೂಮಿಯ ಹೆಸರೆತ್ತಿದರೆ ಮುಖ ತಿರುಗಿಸುವ ಸಣ್ಣ ಉದ್ಯಮಿ ಕೂಡ ಈ ಲೆಕ್ಕಕ್ಕೆ ಕುರ್ಚಿ ಎಳೆದು ಕೂರಿಸುತ್ತಾನೆ.

ಸ್ಫೋಟಗಳ ಬಳಿಕ ಅಪಾಯಕಾರಿ ಘಟಕಗಳನ್ನು ಇಲ್ಲಿಂದ ಸ್ಥಳಾಂತರಿಸುವ ಮಾತು ಮತ್ತೆ ಮತ್ತೆ ಕೇಳಿಬಂದಿದೆ, ಅದು ಬೇರೆಯೇ ಚರ್ಚೆ. ಕಾರ್ಖಾನೆ ಎಲ್ಲಿಗೆ ಹೋದರೂ ಅದರ ಬಾಯ್ಲರು ಉಗುಳುವುದು ಇದೇ ಆಕಾಶಕ್ಕೆ ತಾನೇ?

2001ರ ಇಂಧನ ಸಂರಕ್ಷಣಾ ಕಾಯಿದೆಯಡಿ ಪ್ರಮಾಣಿತ ಇಂಧನ ಲೆಕ್ಕಪರಿಶೋಧಕರ ಪರೀಕ್ಷೆಯನ್ನು ಈ ಬ್ಯೂರೋ ನಡೆಸುತ್ತದೆ. ಅದಕ್ಕೆ ಕೂರಲು ಇಂಜಿನಿಯರಿಂಗ್ ಪದವಿಯ ಜೊತೆಗೆ ಇಂಧನ ಬಳಕೆಗೆ ಸಂಬಂಧಿಸಿದ ಮೂರು ವರ್ಷಗಳ ಅನುಭವ ಬೇಕು. ಎಂಐಡಿಸಿ ನಿವಾಸಿ ವಿಭಾಗದ ವಿದ್ಯಾರ್ಥಿ ಆ ಮೂರು ವರ್ಷಗಳಿಗಾಗಿ ಬೆಳಿಗ್ಗೆ ಎಂಟರ ಲೋಕಲಿಗೆ ನೇತಾಡಬೇಕಾಗಿಲ್ಲ. ಸೈಕಲಿನಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಬಾಯ್ಲರುಗಳಿವೆ.