ಶಿಲುಬೆಯ ಮೇಲಿನ ಹೆಸರು

ಮೊದಲನೆಯ ಮಹಾಯುದ್ಧದ ಕೊನೆಯ ವರ್ಷ ಜರ್ಮನ್ನರು ಫ್ರಾನ್ಸಿನ ನೆಲದಲ್ಲಿ ಒಬ್ಬ ಶತ್ರು ವೈಮಾನಿಕನನ್ನು ಹೂಳಿ, ಗುರುತಿಗೆಂದು ಅವನ ಹೆಸರನ್ನು ಬರೆದಿಟ್ಟರು: ‘ಓಬರ್‌ಲಾಯ್ಟ್‌ನಂಟ್ ಎಸ್. ಸಿ. ವುಮ್‌ಕರ್’. ಬ್ರಿಟಿಷ್ ವಾಯುದಳದ ಯಾವ ಪಟ್ಟಿಯಲ್ಲಿಯೂ ಆ ಹೆಸರಿನವನು ಇರಲಿಲ್ಲ. ಇತ್ತ ಇಪ್ಪತ್ತಮೂರನೆಯ ಸ್ಕ್ವಾಡ್ರನ್ನಿನ ಕಾಗದಗಳಲ್ಲಿ ಇನ್ನೊಬ್ಬನ ಹೆಸರಿನ ಮುಂದೆ ‘ಕಾಣೆಯಾಗಿದ್ದಾನೆ’ ಎಂಬ ಒಂದೇ ಮಾತು. ಆತ ಲೆಫ್ಟಿನೆಂಟ್ ಶ್ರೀಕೃಷ್ಣ ವೇಲಿಂಕರ್. ಮುಂಬಯಿಯ ತರುಣ, ಕೇಂಬ್ರಿಜ್ಜಿನಲ್ಲಿ ಓದಿದವನು. ೧೯೧೮ರ ಜೂನ್ ೨೭ರಂದು ‘ಡಾಲ್ಫಿನ್’ ವಿಮಾನವನ್ನೇರಿ ಹೊರಟವನು ಮರಳಿ ಬರಲಿಲ್ಲ.

ಕಾಣೆಯಾಗುವುದು ಸಾವಿಗಿಂತ ಕಠಿನವಾದುದು. ಮನೆಯವರ ಪಾಲಿಗಂತೂ ಹಾಗೆಯೇ. ಸತ್ತನೆಂದು ಅಳುವಂತಿಲ್ಲ, ಬದುಕಿರುವನೆಂದು ನಂಬುವಂತಿಲ್ಲ. ಯುದ್ಧವು ಮುಗಿದು ಸೆರೆಯಾಳುಗಳೆಲ್ಲ ಹಿಂತಿರುಗಿದ ಬಳಿಕವೂ ವೇಲಿಂಕರನ ಗತಿ ತಿಳಿಯಲಿಲ್ಲ. ಕಡೆಗೆ ಎರಡು ಹೆಸರುಗಳನ್ನೂ ಎದುರುಬದುರಾಗಿ ಇಟ್ಟು ನೋಡಿದಾಗ ಗುಟ್ಟು ಬಯಲಾಯಿತು. ಶ್ರೀಕೃಷ್ಣ ಚಂದಾ ವೇಲಿಂಕರ್ ಎಂಬ ಪೂರ್ಣ ನಾಮದ ಮೊದಲಕ್ಷರಗಳು ‘ಎಸ್. ಸಿ.’ ತಾನೆ! ಉಳಿದುದು ಉಪನಾಮ. ಇಂಗ್ಲಿಷಿನ ಕೂಡುಬರಹದಲ್ಲಿ ನಡುವಣ ನಾಲ್ಕು ಅಕ್ಷರಗಳ ಗೀಟುಗಳು ಒಂದಕ್ಕೊಂದು ಹೆಣೆದುಕೊಂಡರೆ, ಅಪರಿಚಿತನಾದ ಜರ್ಮನ್ ಗುಮಾಸ್ತನಿಗೆ ‘ವೇಲಿಂಕರ್’ ‘ವುಮ್‌ಕರ್’ ಆಗಿ ಕಂಡುದರಲ್ಲಿ ಆಶ್ಚರ್ಯವೇನೂ ಇಲ್ಲ. ‘ಲೆಫ್ಟಿನೆಂಟ್’ ಎಂಬುದನ್ನು ಆತ ತನ್ನ ಸೈನ್ಯದ ಪದವಿಗೆ ಒಗ್ಗಿಸಿಕೊಂಡಿದ್ದ. ವೇಲಿಂಕರ್ ಮಡಿದುದು ಜೂನ್ ೩೦ರಂದು. ಅಂದರೆ ಕಾಣೆಯಾದ ಮೇಲೆ ಮೂರು ದಿನ ಶತ್ರುಗಳ ವಶದಲ್ಲಿ ಜೀವ ಹಿಡಿದಿದ್ದ.

ಓಲೆಗರಿಯ ಪ್ರತಿಗಳೊಡನೆ ಹೆಣಗಾಡಿದವರಿಗೆ ಈ ಬಗೆಯ ಪತ್ತೇದಾರಿಕೆ ಹೊಸದಲ್ಲ. ಲಿಪಿಕಾರನ ಕೈತಪ್ಪಿನಿಂದ ಕವಿಯ ಹೆಸರೇ ಮರೆಯಾಗುವುದನ್ನು ನಾವು ಕನ್ನಡ ಓದಿದವರು ಬಲ್ಲೆವು. ವ್ಯತ್ಯಾಸವಿಷ್ಟೆ: ಕಾವ್ಯದ ಪಾಠಾಂತರಕ್ಕಾಗಿ ಯಾರ ಮನೆಯಲ್ಲಿಯೂ ಹಗಲಿರುಳು ಬಾಗಿಲು ನೋಡುತ್ತ ಕುಳಿತವರಿರುವುದಿಲ್ಲ.

ಆ ಕಾಲದ ವೈಮಾನಿಕನ ಸೇವಾಚರಿತ್ರೆಯನ್ನು ಅರಸುವವರಿಗೆ ಮೊದಲ ತೊಡಕು ದಫ್ತರಗಳದು. ೧೯೧೮ರ ಏಪ್ರಿಲ್ ೧ರವರೆಗೆ ‘ರಾಯಲ್ ಏರ್ ಫೋರ್ಸ್’ ಎಂಬುದೇ ಇರಲಿಲ್ಲ. ಭೂಸೈನ್ಯಕ್ಕೆ ಸೇರಿದ ‘ಫ್ಲೈಯಿಂಗ್ ಕೋರ್’ ಒಂದು, ನೌಕಾಸೈನ್ಯದ ವಾಯುದಳ ಮತ್ತೊಂದು. ಎರಡೂ ಕೂಡಿ ಹೊಸ ಪಡೆಯಾದುದು ಅಂದು. ಆದಕಾರಣ ಆ ದಿನಕ್ಕೆ ಮುಂಚೆ ಮಡಿದವರ ಕಾಗದಗಳು ಒಂದು ಕಟ್ಟಿನಲ್ಲಿ, ಅನಂತರವೂ ಸೇವೆಯಲ್ಲಿದ್ದವರವು ಮತ್ತೊಂದರಲ್ಲಿ. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲಾಗಾರದಲ್ಲಿ ಇವೆರಡನ್ನೂ ತೆರೆದು ನೋಡಬೇಕು. ಗಾಯ, ಮರಣ, ಅಪಘಾತಗಳ ಚೀಟಿಗಳು ಹೆಂಡನ್ನಿನ ವಾಯುದಳ ವಸ್ತುಸಂಗ್ರಹಾಲಯದಲ್ಲಿವೆ. ನೇಮಕ, ಬಿರುದು, ಪದಕಗಳ ಸುದ್ದಿ ‘ಲಂಡನ್ ಗೆಜೆಟ್’ನಲ್ಲಿ.

ಕಾಗದವೂ ಕಥೆಯೂ ಒಂದನ್ನೊಂದು ಹೇಗೆ ಜಗ್ಗುತ್ತವೆಂಬುದಕ್ಕೆ ಇಂದ್ರಲಾಲ್ ರಾಯ್ ನಿದರ್ಶನ. ಕಲ್ಕತ್ತೆಯಲ್ಲಿ ೧೮೯೮ರಲ್ಲಿ ಹುಟ್ಟಿದ ಈತ ೧೯೧೭ರ ಡಿಸೆಂಬರಿನಲ್ಲಿ ವಿಮಾನ ಸಮೇತ ನೆಲಕ್ಕೆ ಬಿದ್ದ. ಸತ್ತನೆಂದು ಶವಾಗಾರದಲ್ಲಿ ಮಲಗಿಸಿದ್ದರಂತೆ. ಎಚ್ಚರವಾಗಿ ಒಳಗಿನಿಂದ ಬಾಗಿಲು ಬಡಿದನಂತೆ! ಕೇಳಲು ರೋಮಾಂಚಕವಾದ ಕಥೆ. ಆದರೆ ಅದನ್ನು ದಂತಕಥೆಗಳ ಕಪಾಟಿನಲ್ಲಿಡುವುದೇ ಲೇಸು. ಕಥೆಯನ್ನೂ ಮೀರಿಸುವುದು ಅವನ ನಲವತ್ತನೆಯ ಸ್ಕ್ವಾಡ್ರನ್ನಿನ ಕಾಳಗದ ವರದಿಗಳು. ೧೯೧೮ರ ಜುಲೈ ೬ರಿಂದ ೧೯ರ ಒಳಗೆ ಹತ್ತು ವಿಜಯಗಳು! ಈ ಹತ್ತನ್ನು ಓದುವಾಗಲೂ ಎಚ್ಚರ ಬೇಕು. ಶತ್ರುವಿನ ವಿಮಾನ ನಾಶವಾದುದು ಬೇರೆ, ಹತೋಟಿ ತಪ್ಪಿ ಕೆಳಗಿಳಿದುದು ಬೇರೆ, ಇನ್ನೊಬ್ಬನೊಡನೆ ಹಂಚಿಕೊಂಡ ವಿಜಯ ಬೇರೆ. ಲೆಕ್ಕದಲ್ಲಿ ಎಲ್ಲವೂ ಸೇರುತ್ತವೆ. ಜುಲೈ ೨೨ರಂದು ಕಾರ್ವಾಂ ಊರಿನ ಮೇಲಣ ಆಕಾಶದಲ್ಲಿ ಅವನು ಮಡಿದ. ಇಪ್ಪತ್ತು ಇನ್ನೂ ತುಂಬಿರಲಿಲ್ಲ. ಪದಕ ಘೋಷಣೆಯಾದ ಗೆಜೆಟ್ಟಿನ ತಾರೀಖು ಸೆಪ್ಟೆಂಬರ್ ೨೧. ಎಸ್ತೆವೆಲ್ ಗ್ರಾಮದ ಅವನ ಗೋರಿಯ ಮೇಲೆ ಫ್ರೆಂಚಿನ ಜೊತೆಗೆ ಬಂಗಾಳಿಯಲ್ಲಿಯೂ ಬರಹವಿದೆ; ಅವನ ಹೆಸರು ತಪ್ಪಲಿಲ್ಲ.

ಅದೇ ತಲೆಮಾರಿನ ಹರದಿತ್ ಸಿಂಗ್ ಮಲಿಕ್ ೧೯೧೭ರ ಅಕ್ಟೋಬರಿನಲ್ಲಿ ಗಾಯಗೊಂಡರೂ ಬದುಕಿ, ಮುಂದೆ ಫ್ರಾನ್ಸಿಗೆ ಭಾರತದ ರಾಯಭಾರಿಯಾಗಿ, ೧೯೮೫ರವರೆಗೆ ಬಾಳಿದರು. ತಮ್ಮ ಕಥೆಯನ್ನು ತಾವೇ ಹೇಳಿದ ಭಾಗ್ಯ ಅವರದು.

ಎರಡನೆಯ ಮಹಾಯುದ್ಧದ ವೇಳೆಗೆ ಕಾಣೆಯಾದವರ ಸಂಖ್ಯೆ ನಲವತ್ತು ಸಾವಿರವನ್ನು ಮೀರಿತು. ಅವರನ್ನು ಹುಡುಕಲೆಂದೇ ಬ್ರಿಟಿಷ್ ವಾಯುದಳ ಒಂದು ಪ್ರತ್ಯೇಕ ಶೋಧಕ ಪಡೆಯನ್ನು ಕಟ್ಟಿತು. ಅದರ ಅಧಿಕಾರಿಗಳು ಯೂರೋಪಿನ ಹಳ್ಳಿ ಹಳ್ಳಿ ತಿರುಗಿ, ಪಾದ್ರಿಗಳನ್ನೂ ರೈತರನ್ನೂ ವಿಚಾರಿಸಿದರು. ಸುಟ್ಟ ಎಂಜಿನ್ನಿನ ಸಂಖ್ಯೆ, ಬೆರಳಿನ ಉಂಗುರ, ಅಂಗಿಯ ಕೊರಳಪಟ್ಟಿಯಲ್ಲಿ ಅಗಸನು ಹಾಕಿದ ಗುರುತು — ಹೆಸರು ಇಲ್ಲದೆಡೆ ಇಂಥವುಗಳೇ ಸಾಕ್ಷಿ ನುಡಿದವು. ಆದರೂ ಗೋರಿಯೇ ದೊರೆಯದೆ ಉಳಿದ ಇಪ್ಪತ್ತು ಸಾವಿರಕ್ಕೂ ಮಿಕ್ಕಿದವರ ಹೆಸರುಗಳನ್ನು ೧೯೫೩ರಲ್ಲಿ ರನ್ನಿಮೀಡಿನ ಸ್ಮಾರಕದ ಗೋಡೆಗಳಲ್ಲಿ ಕೆತ್ತಿದರು.

ಈಗ ಈ ದಾಖಲೆಗಳಲ್ಲಿ ಬಹುಪಾಲನ್ನು ಮನೆಯಲ್ಲಿ ಕುಳಿತೇ ಕಂಪ್ಯೂಟರಿನಲ್ಲಿ ನೋಡಬಹುದು. ಅಜ್ಜನ ಟ್ರಂಕಿನಲ್ಲಿ ಹಾರಾಟದ ಲಾಗ್‌ಬುಕ್ ಸಿಕ್ಕವರು ಮೊದಲು ಸೇವಾಸಂಖ್ಯೆಯನ್ನು ಹುಡುಕುವುದು ಉತ್ತಮ. ಅಂಕಿಗಳು ಹೆಸರಿನಷ್ಟು ಬೇಗ ಕೆಡುವುದಿಲ್ಲ. ನಮ್ಮ ಹೆಸರುಗಳನ್ನಂತೂ ಇಂಗ್ಲಿಷಿನಲ್ಲಿ ಹತ್ತು ಬಗೆಯಾಗಿ ಬರೆದು ಅರಸಬೇಕು. ವೇಲಿಂಕರನ ಗೋರಿ ಈಗ ಸೋಮ್ ಪ್ರಾಂತದ ಹಾಂಗಾರ್ ಗ್ರಾಮದ ಸ್ಮಶಾನದಲ್ಲಿದೆ. ಯುದ್ಧಸಮಾಧಿಗಳ ಆಯೋಗದ ಪಟ್ಟಿಯಲ್ಲಿ ಅವನು ಸ್ವಂತ ಹೆಸರಿನಲ್ಲಿಯೇ ಸಿಗುತ್ತಾನೆ.