ಜೆಪ್ಪಿನ ಆವಿಗೆಯಿಂದ ಮಾಂಬಲದ ಮಾಡಿಗೆ

ತ್ಯಾಗರಾಯನಗರವೆಂಬ ಪೂರ್ಣನಾಮವನ್ನು ಬಿಟ್ಟು ಟಿ. ನಗರವೆಂಬ ಮೊಟಕು ಹೆಸರಿನಿಂದಲೇ ಪ್ರಸಿದ್ಧವಾಗಿರುವ ಮದರಾಸಿನ ಈ ಬಡಾವಣೆಗೆ ಬರುವವರು ಪಾನಗಲ್ ಪಾರ್ಕಿನ ಸುತ್ತಣ ಸೀರೆಯಂಗಡಿಗಳನ್ನೂ ರಂಗನಾಥನ್ ಬೀದಿಯ ನೂಕುನುಗ್ಗಲನ್ನೂ ಕಂಡು ಹಿಂದಿರುಗುವರಲ್ಲದೆ, ಕತ್ತೆತ್ತಿ ಮನೆಗಳ ಮಾಡನ್ನು ನೋಡುವವರು ವಿರಳ. 1920ರ ದಶಕದಲ್ಲಿ ಮಾಂಬಲದ ಕೆರೆಯಂಗಳವನ್ನು ಬತ್ತಿಸಿ ನಿವೇಶನಗಳನ್ನು ಮಾಡಿದ ಬಳಿಕ ಇಲ್ಲಿ ಎದ್ದ ಮನೆಗಳಿಗೆ ಇಟ್ಟಿಗೆಗಾರೆಯ ಮದರಾಸು ತಾರಸಿಯಿದ್ದರೂ, ಅನೇಕ ಮನೆಗಳ ಮುಂದಿನ ಜಗಲಿಗೂ ಹಿತ್ತಲಿನ ಅಡುಗೆಮನೆಗೂ ಇಳಿಜಾರಾದ ಕೆಂಪು ಹಂಚಿನ ಮಾಡು ಇದ್ದಿತು. ಹಬೀಬುಲ್ಲಾ ರಸ್ತೆಯಲ್ಲಿ ಕರ್ನಾಟಕ ಸಂಘದ ಶಾಲೆಯಿರುವ ಈ ನೆರೆಯಲ್ಲಿ ಕನ್ನಡಿಗರಿಗೆ ಕೊರತೆಯಿಲ್ಲವಾದರೂ, ತಲೆಯ ಮೇಲಿದ್ದ ಆ ಹಂಚೂ ತಮ್ಮೂರಿನ ಕಡೆಯದೇ ಎಂಬುದನ್ನು ಬಲ್ಲವರು ಕೆಲವರೇ. ಅವರಲ್ಲೊಬ್ಬರು, ಅಜ್ಜನ ಕಾಲದಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆಯ ಅನ್ನವುಂಡ ಮನೆತನದ ಹಿರಿಯರು, ಕೆಡವಿದ ಮನೆಯೊಂದರಿಂದ ಬಂದ ಹಂಚನ್ನು ತಮ್ಮ ಪುಸ್ತಕದ ಕಪಾಟಿನಲ್ಲಿಯೇ ಇರಿಸಿಕೊಂಡಿದ್ದಾರೆ.

ಆ ಹಂಚನ್ನು ಕೈಗೆ ತೆಗೆದುಕೊಂಡು ನೋಡಬೇಕು. ಸುಮಾರು ಹದಿನಾರು ಅಂಗುಲ ಉದ್ದ, ಒಂಬತ್ತು ಹತ್ತು ಅಂಗುಲ ಅಗಲ, ಎರಡು ಮೂರು ಕಿಲೋ ತೂಕ. ಮೇಲ್ಮೈಯಲ್ಲಿ ನೀರು ಇಳಿದುಹೋಗಲು ತಗ್ಗು. ಒಂದು ಅಂಚಿನಲ್ಲಿ ಏಣು, ಇನ್ನೊಂದರಲ್ಲಿ ಅದಕ್ಕೆ ಒಪ್ಪುವ ಗಾಡಿ, ನೆರೆಯ ಹಂಚಿನ ಏಣು ಇದರ ಗಾಡಿಯೊಳಗೆ ಕೂತೊಡನೆ ಸುಣ್ಣಗಾರೆಗಳ ಹಂಗಿಲ್ಲದೆ ಎರಡೂ ಒಂದಾಗುವುವು. ಮಗುಚಿದರೆ ರೀಪಿಗೆ ಸಿಕ್ಕಿಕೊಳ್ಳುವ ಗುಬುಟುಗಳೂ, ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್’ ಎಂಬ ಹೆಸರೂ 1865 ಎಂಬ ಅಂಕಿಯೂ ಕಾಣುವುವು. ಇದನ್ನು ಕಂಡು ಹಂಚಿಗೆ ನೂರೈವತ್ತು ವರ್ಷಗಳಾದುವೆಂದು ಹಿಗ್ಗುವವರುಂಟು; ವಾಸ್ತವವಾಗಿ ಅದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಹಂಚು ಹುಟ್ಟಿದ ವರ್ಷವಲ್ಲ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಈ ಮಿಷನ್ನಿನ ಮೂವರು, ಸಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಅನಂತರ ಬಂದ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದೂ, ಕಿಟ್ಟೆಲರು 1894ರಲ್ಲಿ ಮಹಾಕೋಶವನ್ನು ಮುಗಿಸಿಕೊಟ್ಟುದೂ ಕನ್ನಡಿಗರೆಲ್ಲರೂ ಕೃತಜ್ಞತೆಯಿಂದ ನೆನೆಯುವ ಸಂಗತಿಗಳು. ಆದರೆ ಆ ಮಿಷನ್ನಿನಲ್ಲಿ ಪಂಡಿತರಲ್ಲದೆ ಕುಶಲಕರ್ಮಿಗಳೂ ಇದ್ದರು. ಅಕ್ಷರ ಕೊರೆಯುವವರು, ನೇಯುವವರು, ಯಂತ್ರವಿದ್ಯೆ ಬಲ್ಲವರು, ಜೀವನೋಪಾಯಕ್ಕೆ ಬೇಕಾದಷ್ಟನ್ನು ಮಾತ್ರ ಪಡೆದು ಕಡಲು ದಾಟಿ ಬಂದು ದುಡಿದವರು. ಕನ್ನಡದ ಚರಿತ್ರೆ ಇವರಿಗೆ ಸಲ್ಲಬೇಕಾದ ಪುಟಗಳನ್ನು ಇನ್ನೂ ಸಲ್ಲಿಸಿಲ್ಲವೆಂಬುದು ನಮ್ಮ ಹಿರಿಯರ ಕೊರಗು.

ಕುಶಲಕರ್ಮಿಗಳು ಬೇಕಾದುದಕ್ಕೆ ಕಾರಣವಿತ್ತು. ಮತಾಂತರ ಹೊಂದಿದವನು ಮನೆಯಿಂದಲೂ ಕುಲವೃತ್ತಿಯಿಂದಲೂ ಏಕಕಾಲಕ್ಕೆ ಹೊರಬೀಳುತ್ತಿದ್ದನು; ಬಿಲ್ಲವರಿಗಂತೂ ಶೇಂದಿ ಇಳಿಸುವ ಕಸುಬನ್ನು ಸಭೆಯೇ ನಿಷೇಧಿಸುತ್ತಿತ್ತು. ಬಿಡಿಸಿದವರು ಬೇರೊಂದು ದಾರಿಯನ್ನು ತೋರಿಸಬೇಡವೆ? ಮೊದಲು ಬೇಸಾಯವನ್ನು ಹಿಡಿದರು. ಗದಗದ ಬಳಿಯ ಮಲ್ಲಸಮುದ್ರದಲ್ಲಿ 1841ರಲ್ಲಿ ನೆಲೆಗೊಳಿಸಿದ ಕೃಷಿ ವಸಾಹತು ನೆಲಕಚ್ಚಿತು. ಮಂಗಳೂರಿನಲ್ಲಿ ಗಡಿಯಾರದ ಕೆಲಸವನ್ನು ಕಲಿಸಹೋದರು. ಹೊತ್ತನ್ನು ಸೂರ್ಯನಿಂದ ಅಳೆಯುತ್ತಿದ್ದ ಊರಿನಲ್ಲಿ ಅದಕ್ಕೆ ಗಿರಾಕಿಗಳೆಲ್ಲಿ? ನೇಯ್ಗೆ ಮಾತ್ರ ಕೈಹಿಡಿಯಿತು. 1851ರಲ್ಲಿ ಬಂದ ಹಾಲರ್ ಎಂಬವರ ಕೈಯಲ್ಲಿ ಖಾಕಿ ಬಣ್ಣದ ಬಟ್ಟೆ ಸಿದ್ಧವಾಯಿತು. ಈ ಸೋಲುಗಳ ಪಟ್ಟಿಯನ್ನು ಹೇಳುವಾಗ ಹಿರಿಯರ ಮುಖದಲ್ಲಿ ವಿಷಾದಕ್ಕಿಂತ ಒಂದು ಬಗೆಯ ಹೆಮ್ಮೆಯೇ ಹೆಚ್ಚು.

ನಾನು ಈ ಲೇಖನಕ್ಕೆ ಕೈಹಾಕಿದುದು ಗಿಯೊರ್ಗ್ ಪ್ಲೆಬ್ಸ್ಟ್ ಎಂಬ ಒಬ್ಬನೇ ಮನುಷ್ಯನಿಗಾಗಿ ಎಂದರೂ ತಪ್ಪಿಲ್ಲ. ಈತ 1851ರಲ್ಲಿ ಮಂಗಳೂರಿಗೆ ಬಂದುದು ಹಂಚಿಗಾಗಿಯಲ್ಲ, ಮಿಷನ್ನಿನ ಮುದ್ರಣಾಲಯದ ಕೆಲಸಕ್ಕಾಗಿ. ಕಲ್ಲಚ್ಚಿನಿಂದ ಆರಂಭವಾಗಿದ್ದ ಆ ಮುದ್ರಣಾಲಯ ಮೊಳೆಯಚ್ಚಿಗೆ ತಿರುಗಿದ ಕಾಲವದು. ಸೀಸದ ಅಚ್ಚುಗಳ ನಡುವೆ ಕೆಲಸಮಾಡುತ್ತಿದ್ದ ಈ ಯಂತ್ರಜ್ಞನ ಕಣ್ಣು ಊರಿನ ಕುಂಬಾರರು ತುಳಿಯುತ್ತಿದ್ದ ಜೇಡಿಮಣ್ಣಿನ ಮೇಲೆ ಬಿದ್ದಿತು. ಬೀಳುವುದು ದೊಡ್ಡದಲ್ಲ, ಎಷ್ಟೋ ಮಂದಿ ಪರದೇಶಿಗಳ ಕಣ್ಣು ಎಷ್ಟೋ ವಸ್ತುಗಳ ಮೇಲೆ ಬಿದ್ದು ಹಾಗೆಯೇ ಜಾರಿಹೋಗಿದೆ. ಪ್ಲೆಬ್ಸ್ಟ್ ಮಾತ್ರ, ಒಂದು ವಿದ್ಯೆಯಲ್ಲಿ ನುರಿತು ಮಾನ್ಯನಾದವನು, ತನಗೆ ಮಣ್ಣಿನ ವಿದ್ಯೆ ಬಾರದೆಂಬುದನ್ನು ಒಪ್ಪಿಕೊಂಡು, ತಾಯ್ನಾಡಿಗೆ ಹೋದಾಗ ಮತ್ತೆ ವಿದ್ಯಾರ್ಥಿಯಾಗಿ ಮಣ್ಣು ಹದಮಾಡುವ, ಸುಡುವ ಕ್ರಮವನ್ನು ಅಭ್ಯಾಸಮಾಡಿ, ಮರಳಿ ಬಂದು ಪ್ರಯೋಗ ನಡೆಸಿ, 1865ರಲ್ಲಿ ನೇತ್ರಾವತಿಯ ದಡದ ಜೆಪ್ಪಿನಲ್ಲಿ ಕಾರ್ಖಾನೆಯನ್ನು ನಿಲ್ಲಿಸಿದನು. ಹಂಚಿನ ಮಾದರಿ ಅವನ ಸ್ವಂತದ್ದಲ್ಲ. ಫ್ರಾನ್ಸಿನ ಆಲ್ಸಾಸ್ ಪ್ರಾಂತದ ಗಿಲಾರ್ದೋನಿ ಸೋದರರು 1840ರ ದಶಕದ ಆದಿಯಲ್ಲಿಯೇ ಒಂದಕ್ಕೊಂದು ಕೊಂಡಿಯಾಗುವ ಹಂಚನ್ನು ನಿರ್ಮಿಸಿದ್ದರು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಬಡವರು ಮುಳಿಹುಲ್ಲನ್ನೋ ತೆಂಗಿನ ಮಡಲನ್ನೋ ವರ್ಷವರ್ಷವೂ ಹೊದಿಸಿಕೊಂಡು ಬೆಂಕಿಗೆ ಅಂಜುತ್ತ ಬಾಳುತ್ತಿದ್ದ ಒಂದು ಕರಾವಳಿಗೆ ಆ ಮಾದರಿಯನ್ನು ಅಲ್ಲಿನದೇ ಮಣ್ಣಿನಲ್ಲಿ ಒಗ್ಗಿಸಿದುದು ಪ್ಲೆಬ್ಸ್ಟನ ಸಾಧನೆ.

ಹಂಚು ಆಗುವ ಕ್ರಮವನ್ನು ಹಿರಿಯರು ತಮ್ಮ ಅಜ್ಜನಿಂದ ಕೇಳಿದಂತೆ ಹೇಳುತ್ತಾರೆ. ನದಿಯ ಬದಿಯ ಗದ್ದೆಗಳಿಂದ ದೋಣಿಯಲ್ಲಿ ಬಂದ ಮಣ್ಣನ್ನು ರಾಶಿಹಾಕಿ ಹಳಸಲು ಬಿಡುವರು. ಬೇರೆ ಬೇರೆ ಜಾತಿಯ ಮಣ್ಣನ್ನು ಬೆರೆಸಿ, ಮೊದಮೊದಲು ಎತ್ತು ಎಳೆಯುತ್ತಿದ್ದ, ಅನಂತರ ಉಗಿಯಿಂದ ನಡೆದ ಯಂತ್ರದಲ್ಲಿ ನಾದುವರು. ಹಲಗೆಯಂತೆ ಕೊಯ್ದು ಅಚ್ಚಿನಲ್ಲಿಟ್ಟು ಒತ್ತುವರು. ಅಂಚು ಸವರಿದ ಹಸಿ ಹಂಚನ್ನು ನೆರಳಿನಲ್ಲಿಯೇ ಒಣಗಿಸಬೇಕು. ಅವಸರಪಟ್ಟು ಬಿಸಿಲಿಗಿಟ್ಟರೆ ಸೊಟ್ಟಗಾಗಿ ಬಿರಿಯುವುದು. ಬಳಿಕ ಆವಿಗೆ. ಸುಟ್ಟ ಹಂಚನ್ನು ಬೆರಳಗಣ್ಣಿನಿಂದ ಬಡಿದು ನಾದದಿಂದ ವಿಂಗಡಿಸುವರು. ಠಣ್ಣೆಂದರೆ ಉತ್ತಮ, ಬೊದ್ದು ದನಿಯಾದರೆ ಒಳಗೆ ಬಿರುಕುಂಟು. ಆವಿಗೆಯ ಉರಿಯ ಲೆಕ್ಕವನ್ನು ಹಿರಿಯರ ಅಜ್ಜ ಯಾರಿಗೂ ಬಿಡಿಸಿ ಹೇಳಲಿಲ್ಲವಂತೆ. ಅದು ಕಣ್ಣಿನ ವಿದ್ಯೆಯಾಗಿದ್ದಿತು.

ಮೂರೇ ವರ್ಷಗಳಲ್ಲಿ, 1868ರಲ್ಲಿ, ಆಲ್ಬುಕರ್ಕ್ ಎಂಬ ಸ್ಥಳೀಯ ಮನೆತನದ ಕಾರ್ಖಾನೆಯೂ ತೆರೆಯಿತು. ಮುಂದೆ ನೇತ್ರಾವತಿ, ಗುರುಪುರ ಹೊಳೆಗಳ ದಡದುದ್ದಕ್ಕೂ ಹೊಗೆಕೊಳವೆಗಳೆದ್ದುವು. ಮಿಷನ್ನಿನವರೇ ಕಲ್ಲಿಕೋಟೆ, ಕುದ್ರೋಳಿ, ಮಲ್ಪೆ, ಪಾಲಕ್ಕಾಡು ಮೊದಲಾದೆಡೆ ಕಾರ್ಖಾನೆಗಳನ್ನು ಹೂಡಿದರು. ಮದರಾಸು ಸರ್ಕಾರ ತನ್ನ ಕಟ್ಟಡಗಳಿಗೆ ಈ ಹಂಚನ್ನು ಒಪ್ಪಿತು. ಹಡಗುಗಳು ಅದನ್ನು ಸಿಂಹಳಕ್ಕೂ ಏಡನ್ನಿಗೂ ಪೂರ್ವ ಆಫ್ರಿಕಕ್ಕೂ ಒಯ್ದುವು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಮದರಾಸಿನ ದಾರಿ ಸುಗಮವಾಯಿತು. ಕಾರ್ಖಾನೆಗಳಲ್ಲಿ ಹೆಂಗಸರೂ ದುಡಿದರು. ಗಂಟೆಯ ಶಿಸ್ತು ಕಠಿನವಾಗಿದ್ದಿತೆಂಬುದನ್ನೂ, ಕೂಲಿಯೂ ಸಭೆಯೂ ಒಂದೇ ಕೈಯಲ್ಲಿದ್ದುದರಿಂದ ಕೆಲಸಗಾರನಿಗೆ ಎದುರಾಡುವ ಎಡೆ ಕಡಮೆಯಿದ್ದಿತೆಂಬುದನ್ನೂ ಮರೆಮಾಚಬೇಕಾಗಿಲ್ಲ.

1914ರ ಮಹಾಯುದ್ಧ ಇವೆಲ್ಲವನ್ನೂ ಅಲುಗಾಡಿಸಿತು. ಜರ್ಮನ್ ಮಿಷನರಿಗಳು ಶತ್ರುದೇಶದವರೆಂದು ಬಂಧಿತರಾದರು; ಕಾರ್ಖಾನೆಗಳು ಸರ್ಕಾರದ ವಶವಾಗಿ 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಗೆ ಸಂದುವು. ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಉದ್ಘಾಟಿತವಾದಾಗ ಕರಾವಳಿಯ ಬಾಸೆಲ್ ಸಭೆಗಳು ಅದರೊಳಗೆ ಕೂಡಿಕೊಂಡುವು. ಹಂಚನ್ನು ಸೋಲಿಸಿದುದು ಯುದ್ಧವಲ್ಲ, ಕಾಂಕ್ರೀಟು. ಸೌದೆಯೂ ಗದ್ದೆಯ ಮಣ್ಣೂ ದುರ್ಲಭವಾದಂತೆ ಮಂಗಳೂರಿನ ಹೊಗೆಕೊಳವೆಗಳು ಒಂದೊಂದಾಗಿ ಆರಿದುವು.

ಪರದೇಶದಿಂದ ಬಂದು ಮನೆ ಕಟ್ಟಿಕೊಡುವ ಕ್ರೈಸ್ತ ಸ್ವಯಂಸೇವಕರು ಇಂದೂ ಉಂಟು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರರು 2006ರಲ್ಲಿ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿಯ ಸೇವಕರೊಡನೆ ಲೋನಾವಳದ ಬಳಿ ಒಂದು ವಾರದಲ್ಲಿ ಸುಮಾರು 100 ಮನೆಗಳನ್ನು ಎತ್ತಿದರು. ಅದು ಶ್ಲಾಘ್ಯವೇ. ಆದರೆ ವಾರವೊಂದರ ಉತ್ಸಾಹ ಬೇರೆ, ಜೀವಮಾನದ ಹಟ ಬೇರೆ. ಬರ್ಮಿಂಗ್‌ಹ್ಯಾಮಿನಲ್ಲಿ 1917ರಲ್ಲಿ ಹುಟ್ಟಿದ ಕ್ವೇಕರ್ ಪಂಥದ ಲಾರಿ ಬೇಕರರು, 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳನ್ನು ಕಟ್ಟಲು ಬಂದವರು, 2007ರಲ್ಲಿ ತಿರುವನಂತಪುರದಲ್ಲಿ ಭಾರತದ ಪ್ರಜೆಯಾಗಿಯೇ ತೀರಿಕೊಂಡರು. ತಾರಸಿಯ ಕೆಳಪದರದ ಎಳೆತವನ್ನು ತಾಳುವುದು ಕಬ್ಬಿಣವಾಗಿರುವಾಗ ಅಲ್ಲಿನ ಕಾಂಕ್ರೀಟು ಬಹುಮಟ್ಟಿಗೆ ನಿರರ್ಥಕ ಭಾರವೆಂದು ಕಂಡ ಅವರು, ಸಲಾಕೆಗಳ ನಡುವೆ ಜನ ಎಸೆದ ಮಂಗಳೂರು ಹಂಚನ್ನೇ ಜೋಡಿಸಿ ಮೇಲೆ ಕಾಂಕ್ರೀಟು ಸುರಿಯುವ ವಿಧಾನವನ್ನು ಜನಪ್ರಿಯಗೊಳಿಸಿದರು. ಸಿಮೆಂಟು ಉಳಿಯಿತು, ಭಾರ ತಗ್ಗಿತು, ಕೋಣೆ ತಂಪಾಯಿತು; ಪ್ಲೆಬ್ಸ್ಟನು ಆರಂಭಿಸಿದ ಕೆಲಸಕ್ಕೆ, ಅವನನ್ನು ಕಾಣದ ಇನ್ನೊಬ್ಬ ಪರದೇಶಿಯಿಂದ ಎರಡನೆಯ ಆಯುಸ್ಸು ದೊರೆಯಿತು.

ಟಿ. ನಗರದಲ್ಲಿ ಹಳೆಯ ಮನೆಗಳು ಬೀಳುವುದನ್ನು ತಡೆಯುವ ಶಕ್ತಿ ಲೇಖನಕ್ಕಿಲ್ಲ. ಬೆಳೆದ ಸಂಸಾರಗಳಿಗೆ ಮನೆ ಬೇಕು, ನೆಲದ ಬೆಲೆ ಗಗನಕ್ಕೇರಿದೆ. ಆದರೆ ಕೆಡವುವವರಲ್ಲಿ ಒಂದು ವಿಜ್ಞಾಪನೆಯುಂಟು. ಮಾಡಿನ ಹಂಚನ್ನು ಗುದ್ದಲಿಯಿಂದ ಪುಡಿಮಾಡಿಸಿ ಲಾರಿಗೆ ತುಂಬಿಸಬೇಡಿರಿ. ಕೈಯಿಂದ ಇಳಿಸಿದರೆ ಬಹುಪಾಲು ಇಡಿಯಾಗಿಯೇ ಬರುವುವು. ಹೊಸ ಮನೆಯ ತಾರಸಿಯೊಳಗೆ ಅವನ್ನು ಕೂರಿಸಬಹುದೇ ಎಂದು ನಿಮ್ಮ ಎಂಜಿನಿಯರರನ್ನು ಒಮ್ಮೆ ಕೇಳಿರಿ. ಅವರು ಬೇಡವೆಂದರೆ, ಕಟ್ಟಲು ಹಣಸಾಲದ ಯಾರಿಗಾದರೂ ಕೊಟ್ಟುಬಿಡಿರಿ. ಸರಿಯಾಗಿ ಸುಟ್ಟ ಹಂಚಿಗೆ ನೂರು ವರ್ಷವೇನೂ ಹೆಚ್ಚಲ್ಲ.